ನಂಬಿಕಸ್ತ ಮನೆತನ

ಹಿರೀಸಾವೆಯ ಪಶು ಆಸ್ಪತ್ರೆಯಿಂದ ಚನ್ನರಾಯಪಟ್ಟಣದ ಮನೆಗೆ ಬಂದ ಡಾಕ್ಟರ್ ಮೇಘಶ್ರೀ ಸ್ಕೂಟರನ್ನು ಅಂಗಳದಲ್ಲಿ ನಿಲ್ಲಿಸಿದವಳೇ, ನಿಶ್ಚಿತಾರ್ಥದಲ್ಲಿ ಗಂಡಿನ ಕಡೆಯವರು ಕೊಟ್ಟಿದ್ದ ಬ್ಯಾಗನ್ನು ಜಗಲಿಯ ಮೇಲೆ ಬೋರಲು ಹಾಕಿದಳು. ಬಾಚಣಿಗೆ, ಕರ್ಚೀಫು, ಪಿನ್ನು ಎಲ್ಲ ಬಿದ್ದವು. ಫೋನಿನಲ್ಲಿ ಏನನ್ನೋ ಒತ್ತಿದಳು. ಖಾಲಿ ಬ್ಯಾಗು ಕೋಳಿಮರಿಯ ಹಾಗೆ ಚಿಂವ್ ಚಿಂವ್ ಎಂದಿತು.

"ಏನವ್ವಾ ಅದು?" ಎಂದ ಅವಳಪ್ಪ ಕಾಂತರಾಜು.

"ಟ್ರ್ಯಾಕರ್ ಅಪ್ಪಾ. ನಾನು ಎಲ್ಲೆಲ್ಲಿ ಹೋಗ್ತೀನಿ ಅಂತ ಇಟ್ಟೋರ ಫೋನಿಗೆ ಚಾಡಿ ಹೇಳುತ್ತೆ. ನಿಮ್ಮದಲ್ಲದ್ದು ಯಾವುದೋ ನಿಮ್ಮ ಜೊತೇಲೇ ಬರ್ತಿದೆ ಅಂತ ದಾರೀಲೇ ನನ್ನ ಫೋನು ಹೇಳ್ತು."

ಅಸ್ತರಿನ ಹೊಲಿಗೆ ಬಿಚ್ಚಿದಳು. ಬಿಳೀ ಬಿಲ್ಲೆಯೊಂದು ಸಿಕ್ಕಿತು. ಮುಚ್ಚಳ ತಿರುಗಿಸಿ ಬ್ಯಾಟರಿ ಕಿತ್ತಳು. ಬಿಲ್ಲೆ ಸುಮ್ಮನಾಯಿತು, ಕಾಂತರಾಜು ಶುರುವಾದ. ಅರಕಲಗೂಡಿನ ಬೀಗರಿಗೆ ಫೋನು ಹಚ್ಚಿ, ಅಕ್ಕಪಕ್ಕದವರಿಗೂ ಕೇಳಲೆಂದು ಸ್ಪೀಕರು ಹಾಕಿದ.

"ದೇವರಾಜಣ್ಣ, ನಿಮ್ಮುಡುಗ ತಾಳಿ ಕಟ್ಟಾಕ್ ಮುಂಚೇನೇ ನನ್ ಮಗಳಿಗೆ ಮೂಗುದಾರ ಆಕವ್ನೆ! ನಮ್ದು ನಂಬಿಕಸ್ತ ಮನೆತನ ಕಣ್ರೀ. ಅನುಮಾನದ ಮನೆಗೆ ನಾವು ಎಣ್ಣು ಕೊಡಾಕಿಲ್ಲ. ಈ ಮದುವೆ ಮುರೀತು ಅಂದ್ಕಳಿ!"

"ತಡೀರಿ ಬೀಗರೇ, ಏನೋ ಪ್ರೀತಿಗೆ ಇಟ್ಟಿರ್ತಾನೆ..."

"ಪ್ರೀತಿಗೆ ಮಲ್ಲಿಗೆ ಕೊಡಿಸ್ತಾರೆ ಕಣ್ರೀ! ಇಂಗೆ ಬೆನ್ನಿಗೆ ಪೊಲೀಸ್ರು ಬಿಡಾಕಿಲ್ಲ!"

ಮೇಘಶ್ರೀ ಇನ್ನೂ ಫೋನನ್ನೇ ನೋಡುತ್ತಿದ್ದಳು. "ಅಪ್ಪಾ, ಇನ್ನೊಂದಿದೆ."

"ಕೇಳುಸ್ತಾ ಬೀಗರೇ? ಇನ್ನೊಂದಂತೆ! ನಾಚ್ಕೆ..." ಎಂದವನು ಏನೋ ನೆನಪಾಗಿ ತಟ್ಟನೆ ಬಾಯಿ ಮುಚ್ಚಿದ. ಅಷ್ಟರಲ್ಲಿ ಅವಳು ಒತ್ತಿಯಾಗಿತ್ತು.

ಈ ಸಲ ಚಿಂವ್ ಎಂದದ್ದು ಸ್ಕೂಟರಿನ ಹ್ಯಾಂಡಲಿನಲ್ಲಿದ್ದ ಹಳದಿ ಬಟ್ಟೆಯ ಗಂಟು. 'ನರಸಿಂಹಸ್ವಾಮಿ ರಕ್ಷೆ, ಬಿಚ್ಚಿದರೆ ಕೆಡುಕು' ಎಂದು ಹೇಳಿ ಹೋದ ಶನಿವಾರ ಕಾಂತರಾಜುವೇ ಕೈಯಾರ ಕಟ್ಟಿದ್ದ ಗಂಟು.

"ಅದೇನು ಬೀಗರೇ, ನಿಮ್ ಮನೇಲಿ ಕೂಗ್ತಾ ಇರೋದು?" ಎಂದಿತು ಸ್ಪೀಕರು. ಕಾಂತರಾಜು ಫೋನು ಕಟ್ ಮಾಡಿದ.

"ಇದು ಬ್ಯಾರೆ ಕಣವ್ವ. ಅವ್ರದ್ದು ಅನುಮಾನ, ನಂದು ಕಾಳಜಿ. ಮದುವೆ ಗೊತ್ತಾಗಿರೋ ಎಣ್ಣು ನೀನು. ಎಚ್ಚುಕಮ್ಮಿ ಆದ್ರೆ ನಾಳೆ ಬೀಗರಿಗೆ ಏನಂತ ಉತ್ತರ ಕೊಡ್ಲಿ?"

"ಯಾವ ಬೀಗರಿಗೆ?" ಎಂದಳು ಮೇಘಶ್ರೀ.

ಗಂಟು ಬಿಚ್ಚಿ, ಅದರೊಳಗಿದ್ದ ಕುಂಕುಮವನ್ನು ಹಣೆಗಿಟ್ಟುಕೊಂಡು, ಜೊತೆಗಿದ್ದ ಇನ್ನೊಂದು ಬಿಲ್ಲೆಯ ಬ್ಯಾಟರಿ ಕಿತ್ತು ಅಪ್ಪನ ಅಂಗೈಗೆ ಹಾಕಿದಳು. ಸ್ಕೂಟರು ಹತ್ತಿದಳು.

"ಎಲ್ಲಿಗವ್ವಾ?"

ಸ್ಕೂಟರು ಬೀದಿಯ ತಿರುವಿನಲ್ಲಿ ಮರೆಯಾಯಿತು. ಕಾಂತರಾಜು ವಾರದಿಂದ ಆಗಿದ್ದ ಅಭ್ಯಾಸಕ್ಕೆ ಫೋನು ತೆಗೆದು ನೋಡಿದ. ನಕ್ಷೆಯ ಪ್ರಕಾರ ಮಗಳು ಎಲ್ಲಿಗೂ ಹೋಗಿರಲಿಲ್ಲ. ಖಾಲಿ ಅಂಗಳದಲ್ಲಿ, ಅವನ ಕಣ್ಣೆದುರಿಗೇ ಇದ್ದಳು.