ಎರಡು ಹುಣಸೆಬೀಜ

ಭೀಮಾಶಂಕರ ಮತ್ತೆ ಎರಡು ಹುಣಸೆಬೀಜ ಮುಂದಕ್ಕೆ ತಳ್ಳಿದ. ಇವರ ಪೋಕರಿನಲ್ಲಿ ಒಂದು ಸಲಕ್ಕೆ ಎರಡೇ ಬೀಜ. ರಾಶಿ ಸುರಿದು ಎದುರಿನವರನ್ನು ಹೆದರಿಸುವಂತಿಲ್ಲ. ಟೀಮಿನಲ್ಲಿ ದೀಪಾವಳಿ ರಜೆ ಒಬ್ಬರಿಗೇ. ಈ ಆಟ ಗೆದ್ದವರು ಊರಿಗೆ, ಸೋತವರು ಕೂಕಟ್‌ಪಲ್ಲಿಯ ಆಫೀಸಿನಲ್ಲೇ.

ಎದುರಿಗೆ ಕೂತ ಅಹಲ್ಯಾಳ ಕೈಯಲ್ಲಿ ಎಕ್ಕ, ರಾಜ. ಇಬ್ಬರಿಗೂ ಸೇರಿ ಮೇಜಿನ ಮೇಲೆ ಬಿದ್ದ ಐದೆಲೆಗಳಲ್ಲಿ ಒಂದೂ ಅವಕ್ಕೆ ಜೋಡಿಯಾಗಲಿಲ್ಲ. ಆದರೂ ಪ್ರತಿ ಸುತ್ತಿಗೂ ಬೀಜ ಹಾಕುತ್ತಲೇ ಬಂದಿದ್ದಳು. ಎಕ್ಕ-ರಾಜ ಸಿಕ್ಕರೆ ಅವಳು ಸತ್ತರೂ ಬಿಡುವವಳಲ್ಲ ಎಂದು ಆಫೀಸಿಗೆಲ್ಲ ಗೊತ್ತು. ಭೀಮಾಶಂಕರನಿಗೂ ಗೊತ್ತು. ಗೊತ್ತಿದ್ದೂ ಹಾಕುತ್ತಾನೆಂದರೆ ಅವನ ಬಳಿ ಎಕ್ಕ-ರಾಜನನ್ನು ಸೋಲಿಸುವ ಜೋಡಿ ಇರಲೇಬೇಕು. ಕೊನೆಯ ಎರಡು ಬೀಜ ಅವಳ ಮುಷ್ಟಿಯ ಬೆವರಿಗೆ ಅಂಟಿಕೊಂಡಿದ್ದವು.

"ಹಾಕ್ತೀರೇನ್ರಿ?"

"ಪ್ಯಾಕ್. ಆಟ ಬಿಟ್ಟೆ, ರಜೆ ನಿಮಗೇ," ಎಂದು ಅಹಲ್ಯಾ ಮೊದಲ ಬಾರಿಗೆ ಎಕ್ಕ-ರಾಜನನ್ನು ಅಂಗಾತ ಕೆಳಗಿಟ್ಟಳು. "ಎಲ್ಲಿ, ನಿಮ್ಮ ಜೋಡಿ ತೋರಿಸಿ."

ಭೀಮಾಶಂಕರ ಅವಳ ಎಲೆಗಳನ್ನೇ ನೋಡುತ್ತ ಕೂತ. ಆಮೇಲೆ ತನ್ನವನ್ನು ತಿರುಗಿಸಿ ಅವುಗಳ ಪಕ್ಕದಲ್ಲಿಟ್ಟ. ಅಲ್ಲೂ ಎಕ್ಕ, ರಾಜ.

"ನಾನೂ ಇವನ್ನ ಬಿಡಾಂವ ಅಲ್ರಿ," ಎಂದ. "ನೀವು ಹಾಕಿದ್ರ ಸಮ ಆಗತಿತ್ತು, ಇನ್ನೊಂದ್ ಆಟ ಆಡತಿದ್ವಿ."

ಅಹಲ್ಯಾಳ ಮುಷ್ಟಿ ಇನ್ನೂ ಬಿಚ್ಚಿರಲಿಲ್ಲ.