ಖಾಲಿ ಫ್ಲಾಪಿ

ಕನ್ನಡ ಅಚ್ಚಿಗೆ ಕಂಪ್ಯೂಟರ್ ಪ್ರೋಗ್ರಾಮು ಬರೆಯುವ ಗೌಸಿಯಾಬೇಗಂ ಕೇಳಿದ ಮಾತಿಗೆ ಅಫಜಲಪುರ, ಜೇವರ್ಗಿಯಿಂದ ಬಂದಿದ್ದ ಪ್ರೆಸ್ಸಿನ ಮಾಲೀಕರು ತಾವು ತಂದಿದ್ದ ಖಾಲಿ ಫ್ಲಾಪಿಗಳನ್ನು ಅವಳ ಕಂಪ್ಯೂಟರಿನ ಕಡೆಗೆ ಇನ್ನಷ್ಟು ಸರಿಸಿದರು. ಅವಳು ಮತ್ತೊಮ್ಮೆ ಕೇಳಿದಳು: “ಹೊಸಾ ಪ್ರಿಂಟರ್ ಬಂದಾವ್ರಿ. ಅದರಾಗ ಕನ್ನಡ ಮೂಡಬೇಕಂದ್ರ ಮೂರು ತಿಂಗಳ ಕೆಲಸ ಐತಿ. ರೊಕ್ಕ ಕೊಟ್ಟು ಮಾಡಸವ್ರು ಯಾರ್ರಿ?”

“ನೀವು ಮಾಡ್ರಿ ಬೇಗಂ, ನಾವೆಲ್ಲಾ ಇದ್ದೇವಲ್ರಿ,” ಎಂದರು ಜೇವರ್ಗಿಯ ಬಸವಂತರಾಯರು, ಚಹಾ ಊದುತ್ತ.

ಕರಾರು ಅವಳೇ ಹಾಕಿದ್ದು. ಯಾರಾದರೊಬ್ಬರು ದುಡ್ಡು ಕೊಟ್ಟು ಮಾಡಿಸಬೇಕು. ಮಾಡಿದ ಮೇಲೆ ಅದು ಎಲ್ಲರದು, ಫ್ಲಾಪಿ ತಂದವರಿಗೆಲ್ಲ ಪುಕ್ಕಟೆ. ಹೋದ ವರ್ಷ ಆಳಂದದ ಪ್ರೆಸ್ಸಿನ ಜಗದೇವಪ್ಪನವರು ಇದಕ್ಕೊಪ್ಪಿ, ಅಕ್ಷರ ಜೋಡಿಸುವ ಪ್ರೋಗ್ರಾಮು ಬರೆಸಿದ್ದರು. “ದಾಸೋಹದಾಗ ಉಣ್ಣಾವ್ರನ್ನ ಎಣಸಬಾರದು ತಂಗಿ,” ಎಂದಿದ್ದರು. ಈಗ ಮೂರೂ ತಾಲೂಕಿನ ಲಗ್ನಪತ್ರಿಕೆಗಳು ಅದರಲ್ಲೇ ಅಚ್ಚಾಗುತ್ತಿದ್ದವು. ಜಗದೇವಪ್ಪನವರ ಗಿರಾಕಿಗಳು ಮಾತ್ರ, ಅದನ್ನು ಪುಕ್ಕಟೆ ಪಡೆದು ದರ ಇಳಿಸಿದ್ದ ಅಗ್ಗದ ಪ್ರೆಸ್ಸು ಹುಡುಕಿಕೊಂಡು ಹೋಗಿದ್ದರು.

ಬಾಗಿಲಲ್ಲಿ ಚಪ್ಪಲಿ ಬಿಡುವ ಸದ್ದಾಯಿತು. ಜಗದೇವಪ್ಪನವರೇ! ಅವಳಿಗೆ ಹೋದ ಜೀವ ಬಂದಂತಾಯಿತು; ತನ್ನ ಕುರ್ಚಿಯನ್ನೇ ಬಿಟ್ಟುಕೊಟ್ಟಳು. ಅವರು ಕೂಡಲಿಲ್ಲ. ಯಾರ ಮುಖವನ್ನೂ ನೋಡದೆ ಜೇಬಿಗೆ ಕೈಹಾಕಿ ಒಂದು ಫ್ಲಾಪಿ ತೆಗೆದರು, ಉಳಿದವುಗಳ ಕೆಳಗೆ ಮೆಲ್ಲಗೆ ತೂರಿಸಿದರು. ಹೊಚ್ಚ ಹೊಸದು, ಮೇಲಿನ ಚೀಟಿಯಲ್ಲಿ ಒಂದಕ್ಷರವೂ ಇರಲಿಲ್ಲ.

“ಯಾರರ ಮಾಡಿಸಿದ ಮ್ಯಾಲ,” ಎಂದರು, “ನನಗೂ ಒಂದು ಕಾಪಿ ಹಾಕಿ ಕೊಡು ತಂಗಿ.”