ಬೆನ್ನು ತೋರಿಸಿದ ಕಾರ್ಡು

ಅಣ್ಣ ಇಲ್ಲದಾಗ ಅಣ್ಣನ ಆಲ್ಬಮ್ ತೆರೆದದ್ದು ತಮ್ಮನ ಆಯುಸ್ಸಿನಲ್ಲಿ ಇದೇ ಮೊದಲು. ಬೂಟು ಹೊಲಿಯುವ ಮೇಜಿನ ಮೇಲೆ ಅದನ್ನಿಟ್ಟು, ಬಾಗಿಲ ಕಡೆ ಒಂದು ಕಣ್ಣಿಟ್ಟು ಪುಟ ತಿರುವುತ್ತಿದ್ದ. ತನ್ನ ಮರದ ಕಾಲು ಸದ್ದು ಮಾಡದಿರಲೆಂದು ಅದನ್ನು ಸ್ಟೂಲಿಗೆ ಆನಿಸಿದ್ದ. ಎದೆಯ ಜೇಬಿನಲ್ಲಿ ಒಂದು ಕಾರ್ಡಿತ್ತು.

ಕದಿಯಲು ಬಂದವನಲ್ಲ. ಕದ್ದದ್ದನ್ನು ತಿರುಗಿ ಇಡಲು ಬಂದವನು.

ಪುಟಪುಟಕ್ಕೂ ಗಾಡಿಗಳು. ಜೀಪು, ಸೈನ್ಯದ ಲಾರಿ, ತೋಪು ಎಳೆಯುವ ಟ್ರಾಕ್ಟರು, ಫಳಫಳ ಹೊಳೆಯುವ ಕಾರು. ಒಂದು ಕಾಲದಲ್ಲಿ ಪೆಪ್ಪರಮೆಂಟಿನ ಪೊಟ್ಟಣದೊಳಗೆ ಬರುತ್ತಿದ್ದ ಕಾರ್ಡುಗಳವು. ಚಿತ್ರದ ಕೆಳಗೆ ಗಾಡಿಯ ತೂಕ, ವೇಗ. ಅಣ್ಣನ ಹಲ್ಲು ಹುಳುಕಾದದ್ದೇ ಅವುಗಳಿಂದ. ಟ್ಯಾಂಕುಗಳ ಪುಟದಲ್ಲಿ ಒಂದು ಜಾಗ ಖಾಲಿ ಇತ್ತು. ಕಾರುಗಳ ಪುಟದಲ್ಲಿ ಒಂದನ್ನು ಮಾತ್ರ ಕವುಚಿ ಸೇರಿಸಿತ್ತು. ಬೂದುಬಣ್ಣದ ಬೆನ್ನಷ್ಟೇ ಕಾಣುತ್ತಿತ್ತು. ಅವತ್ತಿನ ಆಟದಲ್ಲಿ ಅಣ್ಣ ಸೋತ ಕಾರ್ಡೇ ಇರಬೇಕು. ಪಾಪ, ಅದರ ಮುಖ ನೋಡಲಾರದೆ ಹೀಗಿಟ್ಟಿದ್ದಾನೆ ಎಂದುಕೊಂಡ.

"ಏನು ಮೈದುನರೇ, ಅಣ್ಣನ ಆಸ್ತಿ ಭಾಗ ಮಾಡ್ಕೊಳ್ತಿದ್ದೀರಾ?"

ಅತ್ತಿಗೆ. ಅವನು ಬೆಚ್ಚಿಬಿದ್ದ.

"ಪೂರ್ತಿ ನೀವೇ ತಗೊಂಡ್ಹೋಗಿ. ಧೂಳು ಹೊಡೆದೂ ಹೊಡೆದೂ ನನ್ನ ಕೈ ಬಿದ್ದುಹೋಗಿದೆ."

"ಅಣ್ಣ ಎಲ್ಲಿ ಅತ್ತಿಗೆ?"

"ಚರ್ಮ ತರೋಕೆ ಹೋಗಿದ್ದಾರೆ, ನಡ್ಕೊಂಡು. ಬಸ್ಸು ಮನೆ ಮುಂದೇನೇ ನಿಲ್ಲುತ್ತೆ. ಹತ್ತಬೇಕಲ್ಲ, ಮಹಾರಾಯರು! ನಮ್ಮ ಮದುವೆ ದಿನ ಮರೆತ್ರಾ? ನಾನು ಕಾರಲ್ಲಿ, ಮದುಮಗ ಹಿಂದಿನಿಂದ ಕಾಲ್ನಡಿಗೇಲಿ. ಹುಡುಗ ಓಡಿಹೋದ್ನೇನೋ ಅಂತ ನಮ್ಮಪ್ಪ ದಾರಿ ಉದ್ದಕ್ಕೂ ಕತ್ತು ಹೊರಗೆ ಹಾಕ್ಕೊಂಡೇ ಬಂದ್ರು." ಅವಳು ನಕ್ಕಳು. ಆಮೇಲೆ ನಗು ನಿಂತಿತು. "ಚಿತ್ರದ ಗಾಡಿ ಅಂದ್ರೆ ಪ್ರಾಣ ಬಿಡ್ತಾರೆ. ನಿಜವಾದ್ದು ಒಂದು ಹಾರ್ನ್ ಹೊಡೆದ್ರೆ ಮುಖ ಬಿಳುಚ್ಕೊಳ್ಳುತ್ತೆ. ಯಾವ ಜನ್ಮದ ಸಂಕಟವೋ!"

ಅವಳು ಒಳಗೆ ಹೋದಳು. ಅವನು ತಲೆ ತಗ್ಗಿಸಿದ. ಬೇರೆ ಜನ್ಮದ್ದೇನಲ್ಲ. ಆ ಸಂಕಟ ಕೊಟ್ಟವನು ತಾನೇ.

ಇಬ್ಬರೂ ಇನ್ನೂ ಹುಡುಗರಾಗಿದ್ದಾಗ, ಸೋದರಮಾವ ಲಾರಿ ತಂದು ಮನೆ ಮುಂದೆ ನಿಲ್ಲಿಸಿದ ದಿನ ಅದು. "ಅಕ್ಕಾ, ಹುಡುಗರಲ್ಲಿ ಒಬ್ಬನ್ನ ಕಳಿಸು. ಡ್ರೈವರ್ ಮಾಡಿ ತೋರಿಸ್ತೀನಿ." ಇನ್ನೊಬ್ಬ ಅಪ್ಪನ ಜೊತೆ ಬೂಟು ಹೊಲಿಯುತ್ತ ಕೂರಬೇಕು. ದೊಡ್ಡವನು ಹೊರಡುವುದೆಂದೇ ಎಲ್ಲರ ಲೆಕ್ಕ. ಬೆಳಗಿನಿಂದ ಅಣ್ಣ ಒಂದೇ ಸಮನೆ ವಾಂತಿ ಮಾಡಿಕೊಂಡಿದ್ದ; ಖುಷಿ ಅರಗುತ್ತಿಲ್ಲ ಇವನಿಗೆ ಎಂದು ಅಮ್ಮ ನಕ್ಕಿದ್ದಳು. ತಮ್ಮ ತನಗೂ ಬೇಕೆಂದು ಹಟ ಹಿಡಿದ.

"ಆಟ ಆಡೋಣ. ಗೆದ್ದೋನು ಹೋಗ್ಲಿ" ಎಂದವನು ಅಣ್ಣನೇ.

ಆಟ ಸುಲಭ. ಕಲಸಿದ ಕಟ್ಟಿನಿಂದ ತಲಾ ಒಂದು ಕಾರ್ಡು. ಚಿತ್ರ ತನ್ನ ಕಡೆ ಹಿಡಿದು ಗಾಡಿಯ ವೇಗ ಹೇಳಬೇಕು. ಹೆಚ್ಚು ಯಾರದೋ ಅವನು ಗೆದ್ದ. ತೋರಿಸು ಎಂದು ಕೇಳುವ ಹಾಗಿಲ್ಲ. ಒಡಹುಟ್ಟಿದವರ ಮಧ್ಯೆ ಮಾತೇ ಸಾಕ್ಷಿ. ತಮ್ಮನ ಕೈಗೆ ಬಂದದ್ದು ಮೂಲೆ ಹರಿದ ಒಂದು ಮುದಿ ಟ್ಯಾಂಕು. ಗಂಟೆಗೆ ಹದಿನೈದು ಮೈಲಿ.

"ಎಪ್ಪತ್ತು" ಎಂದ, ಕಣ್ಣು ಮಿಟುಕಿಸದೆ.

ಅಣ್ಣ ತನ್ನ ಕಾರ್ಡನ್ನು ಬಹಳ ಹೊತ್ತು ನೋಡಿದ. "ಅರವತ್ತು. ಹೋಗು, ನೀನೇ ಗೆದ್ದೆ" ಎಂದು ಅದನ್ನು ಜೇಬಿಗಿಳಿಸಿದ. ತಮ್ಮನೂ ತನ್ನದನ್ನು ಯಾರ ಕಣ್ಣಿಗೂ ಬೀಳದಂತೆ ಜೇಬಿಗಿಳಿಸಿ, ಲಾರಿ ಹತ್ತಿದ್ದ.

ಮುಂದೆ ಆ ಲಾರಿಯೇ ಒಂದು ಇಳಿಜಾರಿನಲ್ಲಿ ಬ್ರೇಕು ಹಿಡಿಯದೆ ಮಗುಚಿತು. ತಮ್ಮನ ಒಂದು ಕಾಲು ಹೋಯಿತು. ಮಾಡಿದ್ದಕ್ಕೆ ತಕ್ಕ ಶಾಸ್ತಿ ಎಂದು ಅದನ್ನು ಹೇಗೋ ನುಂಗಿಕೊಂಡ. ನುಂಗಲಾಗದೆ ಹೋದದ್ದು ಅಣ್ಣ ಹೊಲಿದುಕೊಡುವ ಬೂಟುಗಳನ್ನು. ಹಳೆಯದು ಸವೆಯುವ ಮೊದಲೇ ಹೊಸ ಜೋಡಿ ಸಿದ್ಧ. ಮರದ ಕಾಲಿನದಕ್ಕೆ ಒಳಗೆ ಮೆತ್ತೆ ಕೂರಿಸಿ, ಎತ್ತರ ತಗ್ಗು ಸರಿಮಾಡಿ, ತಾನೇ ಮಂಡಿಯೂರಿ ತೊಡಿಸುತ್ತಿದ್ದ. ತೊಡಿಸುವಾಗ ಒಮ್ಮೆಯೂ ತಲೆ ಎತ್ತಿ ತಮ್ಮನ ಮುಖ ನೋಡಿದವನಲ್ಲ.

"ಇದೇ ಕೊನೇದು ಕಣೋ. ಸೂಜಿ ಕೈಯಲ್ಲಿ ನಿಲ್ತಿಲ್ಲ, ಇನ್ಮೇಲೆ ಅಟ್ಟೆಗೆ ಮೊಳೆ ಹೊಡೆಯೋದಷ್ಟೇ" ಎಂದು ಈ ಸಲ ಹೇಳಿಕಳಿಸಿದ್ದ. ಆ ಕೊನೆಯ ಜೋಡಿ ಮೇಜಿನ ತುದಿಯಲ್ಲಿ ಪಾಲಿಶ್ ಹೊಡೆಸಿಕೊಂಡು ಕೂತಿತ್ತು. ಸುಳ್ಳಿನ ಮೇಲೆ ನಿಂತು ಅದನ್ನು ತೊಡಲು ಅವನಿಗೆ ಮನಸ್ಸಾಗಲಿಲ್ಲ. ಎದೆಯ ಜೇಬಿನಿಂದ ಆ ಟ್ಯಾಂಕಿನ ಕಾರ್ಡನ್ನು ಹೊರತೆಗೆದ.

ಚರ್ಮದ ಸುರುಳಿ ಹೊತ್ತು ಅಣ್ಣ ಒಳಗೆ ಬಂದ. ತೆರೆದ ಆಲ್ಬಮ್ ನೋಡಿದ. ತಮ್ಮನ ಕೈಯಲ್ಲಿದ್ದ ಕಾರ್ಡನ್ನೂ ನೋಡಿದ.

"ಅಣ್ಣಾ, ಅವತ್ತು ನಂದು ಎಪ್ಪತ್ತಲ್ಲ. ಹದಿನೈದು. ನಿನ್ನ ಜಾಗ ನಾನು ಕಿತ್ಕೊಂಡೆ."

"ಗೊತ್ತಿತ್ತು."

"ಯಾವಾಗಿಂದ?"

"ಆಗ್ಲೇ. ಹಲ್ಲು ಬರೋ ಕಾಲಕ್ಕೆ ಆ ಮೂಲೆ ಕಚ್ಚಿ ತಿಂದೋನು ನೀನೇ ಅಲ್ವೇನೋ? ಬೆನ್ನು ನೋಡಿದ್ರೇ ಸಾಕಿತ್ತು, ಯಾವ ಕಾರ್ಡು ಅಂತ ತಿಳಿಯೋಕೆ."

"ಗೊತ್ತಿದ್ದೂ ಬಿಟ್ಟುಕೊಟ್ಟೆಯಾ! ದೇವರಂಥೋನು ಅಣ್ಣಾ ನೀನು."

"ಆ ಮಾತು ಆಡಬೇಡ."

ಬೀದಿಯಲ್ಲಿ ಲಾರಿಯೊಂದು ಹಾರ್ನ್ ಹೊಡೆಯಿತು. ಸುರುಳಿ ಅಣ್ಣನ ಕೈಜಾರಿ ನೆಲಕ್ಕೆ ಬಿತ್ತು. ಹಣೆಯಲ್ಲಿ ಬೆವರು ಒಡೆದಿತ್ತು. ಮೇಜು ಹಿಡಿದು ಸಾವರಿಸಿಕೊಂಡು, ಕವುಚಿದ್ದ ಕಾರ್ಡನ್ನು ಆಲ್ಬಮ್ಮಿನಿಂದ ಬಿಡಿಸಿ ತಮ್ಮನ ಅಂಗೈಯಲ್ಲಿಟ್ಟ.

"ತಿರುಗಿಸಿ ನೋಡು. ಆಮೇಲೂ ಮನಸ್ಸಿದ್ರೆ ಬೂಟು ಹಾಕ್ಕೊ."

ಕೆಂಪು ರೇಸು ಕಾರು. ವೇಗ, ಗಂಟೆಗೆ ನೂರ ನಲವತ್ತು ಮೈಲಿ.